ತೆಂಗಿನಕಾಯಿ ತೂಗಿ ನೋಡಿದ ಮೇಲೆ ನನ್ನ ಕ್ಯಾಲರಿ ಲೆಕ್ಕ ಸರಿಯಾದದ್ದು

ನಂಗೀಗ 54, ಮುಟ್ಟು ನಿಂತು ಮೂರು ವರ್ಷ ಆಯ್ತು. ಈ ಮೂರು ವರ್ಷದಲ್ಲಿ ಏಳು ಕೆಜಿ ಏರಿದ್ದು, ಅದೂ ಹೆಚ್ಚಿನದ್ದೆಲ್ಲ ಹೊಟ್ಟೆಗೇ ಬಂದು ಕೂತದ್ದು. ಡಾಕ್ಟ್ರತ್ರ ಕೇಳಿದ್ರೆ "ಊಟ ಕಮ್ಮಿ ಮಾಡಿ" ಅಂತ ಒಂದೇ ಮಾತು. ಎಷ್ಟು ಕಮ್ಮಿ, ಎಂತದ್ದು ಕಮ್ಮಿ, ಅದು ಇಲ್ಲ. ಸರಿ ಅಂತ ರಾತ್ರಿ ಬರೀ ಗಂಜಿತಿಳಿ ಕುಡಿದು ಮಲಗ್ಲಿಕ್ಕೆ ಶುರು ಮಾಡಿದೆ, ಹದಿನೈದು ದಿನ ಆಗುವಾಗ ಅಂಗಳದಲ್ಲಿ ಅಡಿಕೆ ಹರಡ್ತಾ ಇದ್ದವಳು ತಲೆ ತಿರುಗಿ ಅಲ್ಲೇ ಕೂತುಬಿಟ್ಟೆ. ಬದಿಯಡ್ಕದ ಆಚೆ ತೋಟದ ಮನೆ ನಮ್ಮದು, ಕೂಗಿದ್ರೆ ಕೇಳುವಷ್ಟು ಹತ್ರ ಯಾರೂ ಇಲ್ಲ. ಅವತ್ತು ಹೆದರಿಕೆ ಆದದ್ದು ನಿಜ. ಉಪವಾಸದ ದಾರಿ ಅವತ್ತೇ ಬಿಟ್ಟೆ.

ಬೆಂಗಳೂರಲ್ಲಿರುವ ಮಗಳು ಫೋನಲ್ಲಿ ಒಂದು ಸೂತ್ರ ಹೇಳಿದ್ಳು, ಮಿಫ್ಲಿನ್-ಸೇಂಟ್ ಜಿಯೋರ್ ಅಂತ, 1990ರದ್ದು. ಹೆಂಗಸರಿಗೆ ಹೀಗೆ: ತೂಕವನ್ನ 10ರಿಂದ ಗುಣಿಸ್ಬೇಕು, ಎತ್ತರದ ಸೆಂಟಿಮೀಟರನ್ನ 6.25ರಿಂದ ಗುಣಿಸಿ ಅದಕ್ಕೆ ಕೂಡಿಸ್ಬೇಕು, ವಯಸ್ಸಿನ 5 ಪಟ್ಟು ಕಳೀಬೇಕು, ಮತ್ತೆ 161 ಕಳೀಬೇಕು. ನಂದು 68 ಕೆಜಿ, 155 ಸೆಂಟಿಮೀಟರು, ಬಂದದ್ದು 1218. ಸುಮ್ನೆ ಮಲಗಿದ್ರೂ ಶರೀರ ಉರಿಸುವ ಕ್ಯಾಲರಿ ಹೆಚ್ಚುಕಮ್ಮಿ ಅಷ್ಟು. ಅದಕ್ಕೆ ನಾವು ಮಾಡುವ ಕೆಲಸದ ಗುಣಕ ಹಾಕ್ಬೇಕು, ಕೂತೇ ಇರುವವರಿಗೆ 1.2, ಸ್ವಲ್ಪ ಓಡಾಟ ಇದ್ರೆ 1.375, ಮಧ್ಯಮ ಅಂದ್ರೆ 1.55.

ನಾನು ತಪ್ಪಿದ್ದು ಇಲ್ಲಿಯೇ. ಬೆಳಗ್ಗೆ ಐದಕ್ಕೆ ಎದ್ದವಳು ರಾತ್ರಿವರೆಗೆ ಕೆಲಸ ಮಾಡ್ತೇನಲ್ಲ ಅಂತ 1.55 ಹಾಕಿದೆ, 1888 ಬಂತು, ತೂಕ ಇಳೀಲಿ ಅಂತ ಅದರಲ್ಲಿ 250 ಕಳೆದು ದಿನಕ್ಕೆ 1640 ಅಂತ ಪುಸ್ತಕದಲ್ಲಿ ಬರೆದು ಆರು ವಾರ ತಿಂದೆ. ತೂಕ ಅಲ್ಲಾಡ್ಲಿಲ್ಲ. ಆಮೇಲೆ ಕೂತು ಯೋಚಿಸಿದ್ರೆ ಆ ಕೆಲಸದಲ್ಲಿ ಅರ್ಧಕ್ಕರ್ಧ ಕೂತು ಮಾಡುವಂಥದ್ದೇ, ಅಡಿಕೆ ಸುಲಿಯುವುದು, ತರಕಾರಿ ಹೆಚ್ಚುವುದು, ಕಾಯಿ ಹೆರೆಯುವುದು. ದಣಿವು ಆಗ್ತದೆ, ಆದ್ರೆ ದಣಿವು ಬೇರೆ ಕ್ಯಾಲರಿ ಬೇರೆ. 1.375 ಹಾಕಿದ್ರೆ 1675, ಅದರಲ್ಲಿ 250 ಕಳೆದ್ರೆ ಸುಮಾರು 1420.

ಎರಡನೇ ತಪ್ಪು ಸಿಕ್ಕಿದ್ದು ಹೆರೆಮಣೆಯಲ್ಲಿ. ಪುಸ್ತಕದಲ್ಲಿ ಅನ್ನ ಇಷ್ಟು, ಪಲ್ಯ ಇಷ್ಟು ಅಂತ ಬರೀತಿದ್ದೆ, ಕಾಯಿಯನ್ನ ಲೆಕ್ಕಕ್ಕೇ ಹಿಡಿದಿರ್ಲಿಲ್ಲ, ನಮ್ಮಲ್ಲಿ ಅದನ್ನ ಯಾರು ಲೆಕ್ಕ ಮಾಡ್ತಾರೆ ಹೇಳಿ. ಒಂದು ದಿನ ಕೊದಿಲಿಗೆ (ಕಾಯಿ ಅರೆದು ಹಾಕುವ ನಮ್ಮ ಕಡೆಯ ಸಾಂಬಾರು), ಪಲ್ಯಕ್ಕೆ, ಚಟ್ನಿಗೆ ಅಂತ ಹೆರೆದ ತುರಿಯನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ತಕ್ಕಡಿ ಮೇಲಿಟ್ಟೆ. 270 ಗ್ರಾಂ. ಮೂರು ಜನ ಉಣ್ಣುವವರು, ನನ್ನ ಪಾಲಿಗೆ 90. ಹಸಿ ಕಾಯಿತುರಿ 100 ಗ್ರಾಮಿಗೆ ಸುಮಾರು 350 ಕ್ಯಾಲರಿ, ಅಂದ್ರೆ ದಿನಕ್ಕೆ 315 ಕ್ಯಾಲರಿ ನನ್ನ ಪುಸ್ತಕದಲ್ಲೇ ಇರ್ಲಿಲ್ಲ! ಒಗ್ಗರಣೆಯ ತೆಂಗಿನೆಣ್ಣೆ ಬೇರೆ, ಅದು ಒಂದು ದೊಡ್ಡ ಚಮಚಕ್ಕೆ 120. ಕಾಯಿ ಅರ್ಧ ಮಾಡಿದೆ, ಅದರಲ್ಲೇ 155ರಷ್ಟು ಹೋಯ್ತು. ಮೂರು ಹೊತ್ತಿನ ಚಾಯಕ್ಕೆ ಎರಡೆರಡು ಚಮಚ ಸಕ್ಕರೆ ಹಾಕ್ತಿದ್ದದ್ದನ್ನ ಒಂದೊಂದು ಮಾಡಿದೆ. ಕುಚ್ಚಲಕ್ಕಿ ಅನ್ನ ಬಿಡ್ಲಿಲ್ಲ, ಬಿಡುವ ಮನಸ್ಸೂ ಇಲ್ಲ.

ಮುಟ್ಟು ನಿಂತ ತಕ್ಷಣ ಶರೀರ ಉರಿಸುವುದೇ ನಿಂತುಹೋಗ್ತದೆ ಅಂತ ನಾನೂ ನಂಬಿದ್ದೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಶರೀರದ ಗಾತ್ರ, ಮಾಂಸಖಂಡ ಎಲ್ಲ ಲೆಕ್ಕಕ್ಕೆ ಹಿಡಿದು ನೋಡಿದ್ರೆ 20ರಿಂದ 60 ವರ್ಷದವರೆಗೆ ಶರೀರ ಉರಿಸುವ ಕ್ಯಾಲರಿ ಹೆಚ್ಚುಕಮ್ಮಿ ಒಂದೇ ಸಮ ಇರ್ತದೆ ಅಂತ ಕಂಡಿತ್ತು. ನಮಗೆ ಆಗುವುದು ಎಂತ ಅಂದ್ರೆ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿದು ಕೊಬ್ಬು ಹೊಟ್ಟೆ ಕಡೆ ಸೇರ್ತದೆ, ವಯಸ್ಸಿಗೆ ಮಾಂಸಖಂಡ ಕರಗ್ತಾ ಬರ್ತದೆ. ಉಪವಾಸ ಮಾಡಿದ್ರೆ ಆ ಮಾಂಸಖಂಡ ಇನ್ನಷ್ಟು ಹೋಗ್ತದೆ, ನಾನು ಗಂಜಿತಿಳಿಯಲ್ಲಿ ಮಾಡಿಕೊಂಡದ್ದು ಅದನ್ನೇ. ಈಗ ಮಧ್ಯಾಹ್ನ ಒಂದು ಬಟ್ಟಲು ಹೆಸರುಕಾಳು ಅಥವಾ ಕಡಲೆ ತಪ್ಪಿಸುವುದಿಲ್ಲ, ಸಂಜೆ ಕುರ್ಚಿಯಿಂದ ಕೈ ಊರದೆ ಇಪ್ಪತ್ತು ಸಲ ಏಳ್ತೇನೆ. ದಿನಕ್ಕೆ 1200ರ ಕೆಳಗೆ ಡಾಕ್ಟ್ರನ್ನ ಕೇಳದೆ ಯಾರೂ ಇಳೀಬೇಡಿ, ಶುಗರಿನ ಮಾತ್ರೆ ತಗೊಳ್ಳುವವರು ಅಂತೂ ಊಟ ಕಮ್ಮಿ ಮಾಡುವ ಮೊದಲೇ ಕೇಳಿ, ಥೈರಾಯ್ಡ್ ಒಮ್ಮೆ ನೋಡಿಸಿ.

ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಅಂತ ಲೆಕ್ಕ, ದಿನಕ್ಕೆ 250 ಅಂದ್ರೆ ತಿಂಗಳಿಗೆ 7500, ಕಾಗದದ ಮೇಲೆ ಒಂದು ಕೆಜಿ ಹತ್ತಿರ. ನಂಗೆ ಅಷ್ಟು ಆಗ್ಲಿಲ್ಲ, ನಾಲ್ಕು ತಿಂಗಳಲ್ಲಿ ಮೂರು ಕೆಜಿ, ಈಗ 65. ತೂಕ ಇಳಿದದ್ದಕ್ಕೆ ಲೆಕ್ಕವೂ 40 ಕ್ಯಾಲರಿ ಇಳೀತು, ಹಾಗಾಗಿ 1380. ಮಳೆಗಾಲದ ಆಟಿ ತಿಂಗಳಲ್ಲಿ ಹಲಸಿನ ಹಪ್ಪಳ ಕರಿದ ದಿನ ಎರಡು ತಿಂದು ಬರೆದಿಟ್ಟಿದ್ದೇನೆ, ಮುಚ್ಚಿಟ್ಟಿಲ್ಲ. ಇವರಿಗೆ ಕೊದಿಲಿನಲ್ಲಿ ಕಾಯಿ ಸಾಲದು ಅಂತ ಮೊದಲೆರಡು ವಾರ ಬೇಜಾರಿತ್ತು, ಈಗ ಅವರ ಬಟ್ಟಲಿಗೆ ಸ್ವಲ್ಪ ಚಟ್ನಿ ಬೇರೆ ಬಡಿಸ್ತೇನೆ.