ಅಟ್ಟದ ಪೆಟ್ಟಿಗೆ

ನಿನ್ನೆ ರಾತ್ರಿ ಕಾಸರಗೋಡಿನ ಬದಿಯಡ್ಕದಲ್ಲಿ ಜೋರು ಮಳೆ, ಕರೆಂಟೂ ಹೋಗಿತ್ತು, ಟಾರ್ಚ್ ಹಿಡಿದೇ ಒಂದು ಪತ್ತೇದಾರಿ ಕಾದಂಬರಿ ಓದಿ ಮುಗಿಸಿದೆ. ಕೊಂದವರು ಯಾರು ಅಂತ ಅರ್ಧದಲ್ಲೇ ಗೊತ್ತಾಗಿತ್ತು. ಆದರೂ ಬಿಡಲಿಕ್ಕಾಗಲಿಲ್ಲ, ಯಾಕೆಂದರೆ ಆ ಮನೆಯ ಅತ್ತೆ ಮೂವತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ ಅನ್ನೋದು ನನಗೆ ಬೇಕಿತ್ತು. ಪೊಲೀಸು, ಬೆರಳಚ್ಚು ಎಲ್ಲ ಸುಮ್ನೆ.

ನಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ ಪಾಲುಪಟ್ಟಿ ಕನ್ನಡದಲ್ಲಿ, ಆಮೇಲಿನ ಕಾಗದ ಮಲಯಾಳದಲ್ಲಿ. ಮೊದಲನೆಯದರಲ್ಲಿ ಅಜ್ಜನ ಒಬ್ಬ ತಮ್ಮನ ಹೆಸರಿದೆ, ಎರಡನೆಯದರಲ್ಲಿ ಇಲ್ಲ. ಕೇಳಿದರೆ ದೊಡ್ಡಮ್ಮ ಅಡಿಕೆ ಸುಲಿಯುತ್ತಾ "ಈಗ ಅದೆಲ್ಲ ಯಾಕೆ ಮಗಾ, ಚಾ ಕುಡಿ" ಅಂದರು. ಕೈ ಮಾತ್ರ ಒಂದು ಗಳಿಗೆ ನಿಂತಿತ್ತು.