ಸಾಕ್ಸ್ ಒಂದೇ ಜೊತೆ ಇತ್ತು

ನವೆಂಬರ್ 1 ಅಂದರೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮುಖ ಸ್ವಲ್ಪ ಬಾಡುವ ದಿನ. ತಲಪಾಡಿಯಿಂದ ಆಚೆ ರಾಜ್ಯೋತ್ಸವ. ಈಚೆ ನಮ್ಮ ಶಾಲೆಯಲ್ಲಿ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. 1956ರಲ್ಲಿ ಅದೇ ದಿನ ನಾವು ಕೇರಳದ ಪಾಲಾದದ್ದು. ಅಜ್ಜ ಇದ್ದಷ್ಟು ಕಾಲ ಆವತ್ತು ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ನನಗೆ ಮಾತ್ರ 1996ರ ನವೆಂಬರ್ 1 ಬೇರೆ ಕಾರಣಕ್ಕೆ ನೆನಪು. ಆ ಶುಕ್ರವಾರ ರಾತ್ರಿ ಮೈಕಲ್ ಜಾಕ್ಸನ್ ಬೊಂಬಾಯಿಯಲ್ಲಿ ಕುಣಿದ. ಅದೇ ಮಧ್ಯಾಹ್ನ ಸೀತಾಂಗೋಳಿ ಕಡೆಯ ನಮ್ಮ ಶಾಲೆಯಲ್ಲಿ ನಾನು ಕುಣಿದೆ.

ಅವನು ನಮ್ಮ ಊರಿಗೆ ಬಂದದ್ದು ದುಬೈ ದಾರಿಯಲ್ಲಿ. ಪಕ್ಕದ ಮನೆಯ ಇಚ್ಚ, ಅಂದರೆ ಅಣ್ಣ, ರಜೆಯಲ್ಲಿ ಬರುವಾಗ ಸೆಂಟು, ಟಾರ್ಚು, ಮಿಠಾಯಿ ಜೊತೆಗೆ ಒಂದು ಟೂ-ಇನ್-ಒನ್ ಮತ್ತು ಏಳೆಂಟು ಕ್ಯಾಸೆಟ್ ತಂದಿದ್ದರು. ಅವುಗಳಲ್ಲಿ ‘ಥ್ರಿಲ್ಲರ್’ ಒಂದು. ನನಗಾಗ ಒಂಬತ್ತು ವರ್ಷ. ಆ ಆಲ್ಬಂ ಹೊರಬಂದದ್ದು 1982ರ ನವೆಂಬರಿನಲ್ಲಿ, ಅಂದರೆ ನಾನು ಹುಟ್ಟಿದ ವರ್ಷವೇ ಅಂತ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಇಚ್ಚನ ಮಗ ನನ್ನ ಓರಗೆಯವನು. ಇಬ್ಬರೂ ಸೇರಿ ರೀಲು ಸವೆಯುವಷ್ಟು ಹಾಕಿದೆವು. ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು, ಮತ್ತೆ ಹಾಕುವುದು. ಪದಗಳು ಅರ್ಥವಾಗುತ್ತಿರಲಿಲ್ಲ. ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೆ. ಅವನು ಅದನ್ನೇ ಮಲಯಾಳದಲ್ಲಿ ಬರೆದಿದ್ದ. ಎರಡನ್ನೂ ಹೋಲಿಸಿದರೆ ಒಂದು ಸಾಲೂ ತಾಳೆಯಾಗುತ್ತಿರಲಿಲ್ಲ.

ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ಬೆರಳಿಗೆ ಸುತ್ತಿದ ನೂಲು. ‘ಬೀಟ್ ಇಟ್’ ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು.

“ಬೀಡಿ ಬೀಡಿ ಅಂತಾನಲ್ಲ. ಅವನ ಅಮ್ಮನೂ ಕಟ್ತಾಳಾ?”

ಅಲ್ಲ ಅಂತ ಹೇಳಿದರೂ ಅವಳು ನಂಬಲಿಲ್ಲ. ಅದು ಅವಳ ಪಾಲಿಗೆ ಬೀಡಿ ಪದವೇ. ಆ ತಾಳಕ್ಕೆ ಬೆರಳು ಬೇಗ ಓಡುತ್ತದೆ ಅಂತ ತಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದಳು.

ಕುಣಿತ ನೋಡಿದ್ದು ಇಚ್ಚನ ಮನೆಯ ವಿಸಿಆರ್‌ನಲ್ಲಿ. 1983ರಲ್ಲಿ ಅಮೆರಿಕದ ಟಿವಿಯಲ್ಲಿ ಅವನು ಮೊದಲ ಸಲ ಮೂನ್‌ವಾಕ್ ತೋರಿಸಿದ ಕಾರ್ಯಕ್ರಮ. ಮುಂದೆ ನಡೆದ ಹಾಗೆ ಕಾಣಬೇಕು, ಹೋಗುವುದು ಹಿಂದಕ್ಕೆ! ಅಪ್ಪನನ್ನೂ ಎಳೆದುಕೊಂಡು ಹೋಗಿದ್ದೆ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ತಿರ. ಅಪ್ಪ ತೆಂಕುತಿಟ್ಟು ಬಿಟ್ಟರೆ ಬಡಗನ್ನೂ ಪೂರ್ತಿ ಒಪ್ಪದ ಮನುಷ್ಯ. ಪೂರಾ ನೋಡಿ ಎದ್ದು ಪಂಚೆ ಕೊಡವಿಕೊಂಡರು. “ಹೆಜ್ಜೆ ಉಂಟು. ಗೆಜ್ಜೆ ಕಟ್ಟಬೇಕಿತ್ತು.” ಅವರ ಬಾಯಿಂದ ಅಷ್ಟು ಬಂದದ್ದೇ ಜಾಸ್ತಿ.

ಮೂನ್‌ವಾಕ್‌ನ ಗುಟ್ಟು ಸುಲಭ, ಮಾಡುವುದು ಕಷ್ಟ. ಒಂದು ಕಾಲಿನ ಹಿಮ್ಮಡಿ ಎತ್ತಿ, ಮೈಭಾರವನ್ನೆಲ್ಲ ಅದರ ಬೆರಳ ಮೇಲೆ ಹಾಕಬೇಕು. ಇನ್ನೊಂದು ಪಾದವನ್ನು ನೆಲಕ್ಕೆ ಒತ್ತದೆ ಚಪ್ಪಟೆಯಾಗಿ ಹಿಂದಕ್ಕೆ ಜಾರಿಸಬೇಕು. ಆಮೇಲೆ ಕಾಲು ಬದಲು. ಬರಿಗಾಲು ಜಾರುವುದಿಲ್ಲ, ಸಾಕ್ಸ್ ಬೇಕು. ನಮ್ಮ ಕ್ಲಾಸಿನಲ್ಲಿ ಅದು ಯಾರ ಹತ್ತಿರ ಇತ್ತು? ಇಚ್ಚನ ಮಗನ ಹತ್ತಿರ ದುಬೈಯದ್ದು ಒಂದೇ ಒಂದು ಬಿಳಿ ಜೊತೆ ಇತ್ತು. (2009ರ ಜೂನ್ 26ರ ಬೆಳಿಗ್ಗೆ ಅವನು ಶಾರ್ಜಾದಿಂದ ಫೋನ್ ಮಾಡಿದ. ಜಾಕ್ಸನ್ ಹೋದ ಸುದ್ದಿ ಇಬ್ಬರಿಗೂ ಗೊತ್ತಾಗಿತ್ತು, ಅದನ್ನು ಇಬ್ಬರೂ ಎತ್ತಲಿಲ್ಲ. “ಮಾರಾಯ, ನನ್ನ ಸಾಕ್ಸ್ ನೀನು ವಾಪಸ್ ಕೊಡಲೇ ಇಲ್ಲ” ಅಂದ.)

1996ರ ಅಕ್ಟೋಬರ್ ಕೊನೆಗೆ ಪೇಪರಿನಲ್ಲಿ ಫೋಟೋ ಬಂತು. ಜಾಕ್ಸನ್ ಬೊಂಬಾಯಿಗೆ ಇಳಿದಿದ್ದ, ಸೋನಾಲಿ ಬೇಂದ್ರೆ ಮರಾಠಿ ಸೀರೆಯುಟ್ಟು ಸ್ವಾಗತಿಸಿದ್ದಳು. ಕಾರ್ಯಕ್ರಮ ಅಂಧೇರಿಯ ಕ್ರೀಡಾಂಗಣದಲ್ಲಿ. ಅಂಧೇರಿ! ಅಮ್ಮನ ತಮ್ಮ, ನನ್ನ ಸೋದರಮಾವ, ಅಲ್ಲೇ ಒಂದು ಹೋಟೆಲಿನ ಗಲ್ಲಾದಲ್ಲಿದ್ದರು. ನಾನು ಹೋಗುವ ಮಾತೇ ಇರಲಿಲ್ಲ. ಕೊಂಕಣ ರೈಲು ಇನ್ನೂ ಪೂರ್ತಿಯಾಗಿರಲಿಲ್ಲ, ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಮೊದಲೇ ಒಂದು ಇನ್‌ಲ್ಯಾಂಡ್ ಬರೆದು ಹಾಕಿದ್ದೆ: ‘ಮಾವ, ನೀವಾದರೂ ನೋಡಲೇಬೇಕು. ಎಲ್ಲ ಬರೆಯಬೇಕು.’

ಶಾಲೆಯಲ್ಲಿ ಕಾರ್ಯಕ್ರಮದ ಪಟ್ಟಿಗೆ ಎರಡೇ ಕಾಲಂ. ಮಲಯಾಳ ವಿಭಾಗ, ಕನ್ನಡ ವಿಭಾಗ. ಅವರದ್ದು ತಿರುವಾದಿರ ಕುಣಿತ, ನಮ್ಮದು ಸಮೂಹಗಾನ. ಯಾರದ್ದು ಮೊದಲು ಅನ್ನುವುದಕ್ಕೆ ಪ್ರತಿ ವರ್ಷ ಒಂದು ಸಣ್ಣ ಜಗಳ. ನಾನು ಹೆಸರು ಕೊಡಲು ಹೋದೆ.

“ಇದು ಯಾವ ವಿಭಾಗಕ್ಕೆ ಮಾರಾಯ?” ಅಂದರು ಮಾಷ್ಟ್ರು.

“ಇಂಗ್ಲಿಷ್ ಸರ್.”

“ಇಂಗ್ಲಿಷ್ ವಿಭಾಗ ನಮ್ಮಲ್ಲಿ ಎಲ್ಲುಂಟು?”

ಸ್ವಲ್ಪ ಹೊತ್ತು ಯೋಚಿಸಿ, ಎರಡು ಕಾಲಂಗಳ ನಡುವಿನ ಗೆರೆಯ ಮೇಲೆ ನನ್ನ ಹೆಸರು ಉದ್ದಕ್ಕೆ ಬರೆದರು. ಜಾಗ ಸಾಲದೆ ಕೊನೆಯ ಅಕ್ಷರ ಮಲಯಾಳದ ಕಡೆಗೆ ಬಿತ್ತು.

ವೇದಿಕೆ ಹತ್ತುವ ಮೊದಲು ನನಗೊಂದು ತಲೆಬಿಸಿ ಹುಟ್ಟಿತು. ಜಾಕ್ಸನ್‌ನ ಒಂದು ಕೈಗೆ ಬಿಳಿ ಗ್ಲೌಸ್ ಇರುತ್ತದೆ. ಅದಿಲ್ಲದೆ ಎಂಥ ಜಾಕ್ಸನ್? ಹದಿನಾಲ್ಕರ ಬುದ್ಧಿ. ಒಂದು ಸಾಕ್ಸ್ ಕೈಗೆ ಹಾಕಿದೆ, ಒಂದು ಕಾಲಿಗೆ.

ಇಚ್ಚನ ಮಗ ಕ್ಯಾಸೆಟ್ ಒತ್ತಿದ. ಬಲಗಾಲು ಚೆನ್ನಾಗಿ ಜಾರಿತು. ಎಡಗಾಲು ಸಿಮೆಂಟಿಗೆ ಅಂಟಿದ ಹಾಗೆ ನಿಂತಿತು. ಮತ್ತೆ ಜಾರಿಸಿದೆ. ಹಿಂದಕ್ಕೆ ಹೋಗಬೇಕಾದವನು ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು ಹಾಕುತ್ತಿದ್ದೆ. ಸೆಟ್ಟುಮುಂಡು ಉಟ್ಟು ನಿಂತಿದ್ದ ತಿರುವಾದಿರದ ಹುಡುಗಿಯರು ಬಾಯಿಗೆ ಸೆರಗು ಇಟ್ಟುಕೊಂಡರು. ನಮ್ಮ ಸಮೂಹಗಾನದವರಂತೂ ನಾಚಿಕೆಯಿಲ್ಲದೆ ನಕ್ಕರು. ಆಗ ಮಲಯಾಳ ವಿಭಾಗದ ಹಿಂದಿನ ಸಾಲಿನಿಂದ ಒಬ್ಬ ಕೂಗಿದ:

“ಕೈಯಿಲೇದ್ ಕಾಲಿಲ್ ಇಡೆಡಾ!”

ಕೈಯಲ್ಲಿರುವುದನ್ನು ಕಾಲಿಗೆ ಹಾಕೋ! ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ. ಹಾಡು ಓಡುತ್ತಿತ್ತು. ವೇದಿಕೆಯ ಮಧ್ಯದಲ್ಲೇ ಕೂತೆ. ಕೈಯಿಂದ ಬಿಚ್ಚಿ ಕಾಲಿಗೆ ಎಳೆದುಕೊಂಡೆ. ಎದ್ದೆ. ಹಿಮ್ಮಡಿ ಎತ್ತಿದೆ. ಒಂದು, ಎರಡು, ಮೂರು, ನಾಲ್ಕು. ಜಾರಿದೆ! ಐದನೆಯದಕ್ಕೆ ಕರೆಂಟು ಹೋಯಿತು.

ಶಿಳ್ಳೆ ಎರಡೂ ಕಡೆಯಿಂದ ಬಂತು. ಕನ್ನಡದವರದ್ದು ಯಾವುದು, ಮಲಯಾಳದವರದ್ದು ಯಾವುದು ಅಂತ ಶಿಳ್ಳೆಯಲ್ಲಿ ಗೊತ್ತಾಗುವುದಿಲ್ಲ ಅಲ್ವಾ.

ಮಾವನ ಕಾಗದ ಬರಲು ಹತ್ತು ದಿನ ಹಿಡಿಯಿತು. ಟಿಕೆಟಿನ ಬೆಲೆ ಅವರ ಸಂಬಳಕ್ಕೆ ಎಟುಕುವಂಥದ್ದಲ್ಲ. ಆ ರಾತ್ರಿ ಗಲ್ಲಾ ಇನ್ನೊಬ್ಬನಿಗೆ ಒಪ್ಪಿಸಿ, ಕ್ರೀಡಾಂಗಣದ ಹೊರಗೆ ರಸ್ತೆಯಲ್ಲಿ ನಿಂತಿದ್ದರಂತೆ. ಕಂಡದ್ದು ಆಕಾಶಕ್ಕೆ ಬಿದ್ದ ಬೆಳಕು ಮಾತ್ರ. ಕೇಳಿದ್ದು ಜನರ ಕೂಗು, ಅದರ ಅಡಿಯಲ್ಲಿ ಎದೆಗೆ ಬಡಿಯುವ ಡ್ರಮ್ಮು. ‘ನಮ್ಮ ಆಟದ ಚೆಂಡೆ ದೂರದಿಂದ ಕೇಳಿದ ಹಾಗೆ ಇತ್ತು’ ಅಂತ ಬರೆದಿದ್ದರು. ಉಳಿದದ್ದು ಅಡಿಕೆಯ ರೇಟು ಎಷ್ಟು, ಅಕ್ಕನ ಬೆನ್ನುನೋವು ಹೇಗಿದೆ, ಅಷ್ಟೇ.

ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಅಮ್ಮ ಎಲೆ ಕತ್ತರಿಸುತ್ತಾ ಪೂರ್ತಿ ಕೇಳಿದಳು.

“ಎಲ್ಲ ಬರೆದಿದ್ದಾನೆ. ಬೀಡಿ ಪದ ಹೇಳಿದನಾ ಇಲ್ವಾ ಅಂತ ಬರೆದಿಲ್ಲವಲ್ಲ” ಅಂದಳು.