ಅವ್ವನ ವೀಲ್‌ಚೇರ್ ಹಿಂದೆ, ಮಂಡ್ಯದಿಂದ ಶಿಕಾಗೋಗೆ

ಅವ್ವನಿಗೆ 76 ವರ್ಷ. ಎರಡೂ ಮಂಡಿ ಸವೆದಿವೆ. ಮಂಡ್ಯದಲ್ಲಿ ನಮ್ಮ ಬೀದಿ ಕೊನೆಯ ಹಾಲಿನ ಡೈರಿಗೆ ಹೋಗಿ ಬರುವಷ್ಟರಲ್ಲಿ ಎರಡು ಜಗಲಿ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾಳೆ. ಅವಳನ್ನು ಶಿಕಾಗೋದಲ್ಲಿರುವ ತಮ್ಮನ ಮನೆಗೆ ಕರೆದುಕೊಂಡು ಹೋಗಿ, ಎರಡೂವರೆ ತಿಂಗಳು ಇದ್ದು, ಮತ್ತೆ ಊರಿಗೆ ತಂದು ಬಿಟ್ಟಿದ್ದೇನೆ. ಹೋಗುವಾಗ ಅಬುಧಾಬಿ ಮೇಲೆ. ಬರುವಾಗ ಬೇರೆ ಕಂಪನಿಯ ವಿಮಾನ, ಯುರೋಪಿನ ಒಂದು ದೊಡ್ಡ ನಿಲ್ದಾಣದ ಮೇಲೆ. ತಮ್ಮನಿಗೆ ಆ ದಿನಕ್ಕೆ ಸಿಕ್ಕ ಟಿಕೆಟ್ ಅದು.

ವಿಮಾನ ಹೇಗಿತ್ತು ಅಂತ ಬಂದವರೆಲ್ಲ ಕೇಳುತ್ತಾರೆ. ಸೀಟು ಅಗಲ ಇತ್ತಾ, ಸಿನಿಮಾ ಇತ್ತಾ, ಡ್ಯೂಟಿ ಫ್ರೀಯಲ್ಲಿ ಏನು ತಂದೆ ಅಂತ. ಅದ್ಯಾವುದನ್ನೂ ನಾನು ಸರಿಯಾಗಿ ನೋಡಲೇ ಇಲ್ಲ. ನಾನು ನೋಡಿದ್ದು ಮೂರೇ ವಿಷಯ. ವೀಲ್‌ಚೇರ್ ಎಷ್ಟು ಹೊತ್ತಿಗೆ ಬಂತು. ತಳ್ಳುವವರು ಅವ್ವನ ಮುಖ ನೋಡಿ ಮಾತಾಡಿದರಾ. ಬಾತ್‌ರೂಮಿನಲ್ಲಿ ನೀರು ಇತ್ತಾ.

ಟಿಕೆಟ್ ಆದ ದಿನದಿಂದ ನನಗೊಂದು ಭಯ ಇತ್ತು. 2024ರ ಫೆಬ್ರವರಿಯಲ್ಲಿ ಮುಂಬೈ ನಿಲ್ದಾಣದಲ್ಲಿ ಅಮೆರಿಕದಿಂದ ಬಂದಿಳಿದ 80 ವರ್ಷದ ಹಿರಿಯರೊಬ್ಬರು ಕುಸಿದು ತೀರಿಕೊಂಡರು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಸಿಕ್ಕಿದ್ದು ಒಂದೇ ವೀಲ್‌ಚೇರ್. ಹೆಂಡತಿಯನ್ನು ಅದರಲ್ಲಿ ಕೂರಿಸಿ ಅವರು ಪಕ್ಕದಲ್ಲಿ ನಡೆದುಕೊಂಡು ಹೋಗುತ್ತಿದ್ದರು. ಆ ವಿಮಾನ ಕಂಪನಿಗೆ, ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ಹಾಕಿತು. ಆ ಸುದ್ದಿ ನನ್ನ ತಲೆಯಿಂದ ಹೋಗಲೇ ಇಲ್ಲ.

ಹೊರಟಿದ್ದು ಸೋಮವಾರ ಮಧ್ಯಾಹ್ನ. ಹೊಸ ಎಕ್ಸ್‌ಪ್ರೆಸ್ ರಸ್ತೆ ಮದ್ದೂರಿನ ಒಳಗೆ ಹೋಗುವುದಿಲ್ಲ, ಊರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಅವ್ವನಿಗೆ ಅದು ಬೇಸರ. ದೂರದ ಊರಿಗೆ ಹೋಗುವಾಗ ಮದ್ದೂರಿನಲ್ಲಿ ನಿಲ್ಲದೆ ಹೋಗಿದ್ದು ಇದೇ ಮೊದಲು ಅಂದಳು. ಮನೆಯಲ್ಲೇ ಕಟ್ಟಿಕೊಂಡಿದ್ದ ಕಡ್ಲೆಪುರಿ ತಿನ್ನುತ್ತಾ ದೇವನಹಳ್ಳಿ ಸೇರಿದೆವು.

ಬೆಂಗಳೂರಿನ ಎರಡನೇ ಟರ್ಮಿನಲ್ ಅವ್ವನಿಗೆ ತುಂಬಾ ಹಿಡಿಸಿತು. 2022ರ ನವೆಂಬರ್‌ನಲ್ಲಿ ಉದ್ಘಾಟನೆ ಆಗಿದ್ದು ಅದು. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಅಲ್ಲಿಂದಲೇ. ಚಾವಣಿಗೆ ಬಿದಿರು, ಮೇಲಿನಿಂದ ಇಳಿಬಿಟ್ಟ ಗಿಡಗಳು. ಅವ್ವ ತಲೆ ಎತ್ತಿ, "ಇಷ್ಟು ಬಿದಿರು ಎಲ್ಲಿ ಕಡಿದರವ್ವಾ" ಅಂದಳು. ಅವಳಿಗೆ ಅದಕ್ಕಿಂತ ದೊಡ್ಡ ಸಂತೋಷ ಬೋರ್ಡುಗಳದ್ದು. ಅವ್ವ ಓದಿದ್ದು ನಾಲ್ಕನೇ ಕ್ಲಾಸು. "ನಿರ್ಗಮನ" ಅಂತ ದೊಡ್ಡದಾಗಿ ಕನ್ನಡದಲ್ಲಿ ಕಂಡಾಗ ಜೋರಾಗಿ ಓದಿದಳು. ಆಮೇಲೆ ಸಿಕ್ಕ ಬೋರ್ಡನ್ನೆಲ್ಲ ಓದಿದಳು. ಆ ಪ್ರಯಾಣದಲ್ಲಿ ಅವಳು ತಾನೇ ಓದಿಕೊಂಡ ನಿಲ್ದಾಣ ಅದೊಂದೇ. ಕನ್ನಡದ ಬೋರ್ಡು ಯಾಕೆ ಬೇಕು ಅನ್ನುವವರು ಒಂದು ಸಲ ಇಂಥವರ ಜೊತೆ ಹೋಗಿ ಬರಬೇಕು.

ವೀಲ್‌ಚೇರ್ ಚೆಕ್ ಇನ್ ಕೌಂಟರ್ ಹತ್ತಿರವೇ ಬಂತು. ಹತ್ತು ನಿಮಿಷವೂ ಕಾಯಲಿಲ್ಲ.

ಹೋಗುವ ವಿಮಾನ ಎತಿಹಾದ್. ಅಬುಧಾಬಿಗೆ ಸುಮಾರು 4 ಗಂಟೆ. ನಮ್ಮ ಮನೆಯಲ್ಲಿ ಸೋಮವಾರ ಮಾಂಸ ಇಲ್ಲ. ತಮ್ಮ ಅದಕ್ಕೇ ಮುಂಚೆಯೇ ಏಷಿಯನ್ ವೆಜಿಟೇರಿಯನ್ ಊಟ ಹಾಕಿಸಿದ್ದ. ಇದನ್ನು ಕಡೇ ಪಕ್ಷ 24 ಗಂಟೆ ಮುಂಚೆ ಹೇಳಿರಬೇಕು, ವಿಮಾನ ಹತ್ತಿದ ಮೇಲೆ ಕೇಳಿದರೆ ಸಿಗುವ ಭರವಸೆ ಇಲ್ಲ. ಬರೀ ವೆಜಿಟೇರಿಯನ್ ಅಂತ ಹಾಕಿಸಿದರೆ ಬೇಯಿಸಿದ ತರಕಾರಿ, ಪಾಸ್ತಾ ಬರಬಹುದು. ಏಷಿಯನ್ ಅಂತ ಇದ್ದರೆ ಅನ್ನ, ಬೇಳೆ, ಖಾರ ಇರುತ್ತದೆ. ಇಂಥ ಊಟ ಬೇರೆಯವರಿಗಿಂತ ಮೊದಲೇ ಕೈಗೆ ಬರುತ್ತದೆ, ಅದೂ ಒಂದು ಅನುಕೂಲ. ಅವ್ವನ ಕೈಗಡಿಯಾರ ಕೊನೆಯವರೆಗೂ ಮಂಡ್ಯದ ಟೈಮಿನಲ್ಲೇ ಇತ್ತು. ಅಬುಧಾಬಿಯಲ್ಲಿ ಇಳಿದಾಗ ಅಲ್ಲಿ ಇನ್ನೂ ಸೋಮವಾರ ರಾತ್ರಿ, ಅವಳ ಗಡಿಯಾರದಲ್ಲಿ ಮಂಗಳವಾರ ಆಗಿತ್ತು. ಯಾವ ವಾರ ಹಿಡಿಯಬೇಕು ಅಂತ ಕೇಳಿದಳು. ಊರಿನ ವಾರವೇ ಹಿಡಿ ಅಂದೆ. ಆದರೂ ಶಿಕಾಗೋ ಮುಟ್ಟುವ ತನಕ ಅವಳು ಮಾಂಸ ಮುಟ್ಟಲಿಲ್ಲ.

ಅಬುಧಾಬಿಯಲ್ಲಿ ವಿಮಾನದ ಬಾಗಿಲಲ್ಲೇ ವೀಲ್‌ಚೇರ್ ಹಿಡಿದು ಒಬ್ಬ ಹುಡುಗ ನಿಂತಿದ್ದ. ಅವ್ವ ಅಭ್ಯಾಸದಂತೆ ಕನ್ನಡದಲ್ಲೇ "ನಿಧಾನ ಕಣಪ್ಪ, ಕಾಲು ತಾಗುತ್ತೆ" ಅಂದಳು. ಅವನು ಬಗ್ಗಿ, ಅವಳ ಪಾದ ಎತ್ತಿ ಕುರ್ಚಿಯ ಕಾಲಿಡುವ ಹಲಗೆ ಮೇಲಿಟ್ಟು, "ಸರಿ ಅಜ್ಜಿ" ಅಂದ! ಕಾಸರಗೋಡಿನವನಂತೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಅವ್ವನಿಗೆ ಆಗ ಬಂದ ಧೈರ್ಯ ನಾನು ಕೊಡಲು ಆಗುತ್ತಿರಲಿಲ್ಲ. ಹೋಗುವ ದಾರಿ ಉದ್ದಕ್ಕೂ ಅವನಿಗೆ ಎಷ್ಟು ಸಂಬಳ, ಊಟ ಯಾರು ಮಾಡ್ತಾರೆ, ಮದುವೆ ಆಯಿತಾ ಅಂತ ಕೇಳುತ್ತಲೇ ಇದ್ದಳು. ಅವನೂ ಎಲ್ಲದಕ್ಕೂ ಉತ್ತರ ಹೇಳಿದ.

ಈ ನಿಲ್ದಾಣದಲ್ಲಿ ಒಂದು ದೊಡ್ಡ ಅನುಕೂಲ ಇದೆ. ವಯಸ್ಸಾದವರನ್ನು ಅಮೆರಿಕಕ್ಕೆ ಕಳಿಸುವವರು ಇದನ್ನು ತಿಳಿದಿರಬೇಕು. ಅಮೆರಿಕದ ಇಮಿಗ್ರೇಶನ್, ಕಸ್ಟಮ್ಸ್ ಎಲ್ಲವೂ ಅಬುಧಾಬಿಯಲ್ಲೇ ಮುಗಿಯುತ್ತದೆ. ಅಮೆರಿಕದ ಅಧಿಕಾರಿಗಳೇ ಅಲ್ಲಿ ಕೂತಿರುತ್ತಾರೆ. 2014ರಿಂದ ಈ ವ್ಯವಸ್ಥೆ ಇದೆ. ಐರ್ಲೆಂಡ್, ಕೆನಡಾ ಹೀಗೆ ಕೆಲವೇ ದೇಶಗಳಲ್ಲಿ ಇದು ಸಿಗುವುದು. ಇನ್ನೊಂದು ಸಲ ಸೆಕ್ಯೂರಿಟಿ ಚೆಕ್ ಆಗುತ್ತದೆ, ಅದಕ್ಕೆ ಕೈಯಲ್ಲಿ ಕನಿಷ್ಠ ಮೂರು ಗಂಟೆ ಇರಲಿ. ನಮ್ಮ ಸರದಿ ಬಂದಾಗ ಅಧಿಕಾರಿ ತಮ್ಮ ಪರದೆಯಲ್ಲಿ ನಮ್ಮ ಸೂಟ್‌ಕೇಸ್‌ಗಳ ಫೋಟೋ ತೋರಿಸಿ, ಇವು ನಿಮ್ಮವೇನಾ ಅಂತ ಕೇಳಿದರು. ಗುರುತಿಗೆ ಅಂತ ಅವ್ವ ಹಳೇ ಸೀರೆಯ ಕೆಂಪು ಅಂಚು ಕಟ್ಟಿದ್ದಳು. ಪರದೆಯಲ್ಲಿ ಅದನ್ನು ಕಂಡು, "ಅಯ್ಯೋ, ನನ್ನ ಸೀರೆ" ಅಂದಳು. ತಿನ್ನುವ ಪದಾರ್ಥ ಏನಿದೆ ಅಂತ ಕೇಳಿದರು. ರಾಗಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ ಅಂತ ಒಂದೊಂದಾಗಿ ಹೇಳಿದೆ. ಮುಚ್ಚಿಡಬಾರದು. ಹೇಳಿದರೆ ತೊಂದರೆ ಇಲ್ಲ, ಮುಚ್ಚಿಟ್ಟು ಸಿಕ್ಕಿದರೆ ದಂಡ.

ಅಲ್ಲಿಂದ 14 ಗಂಟೆಗೂ ಜಾಸ್ತಿ ಪ್ರಯಾಣ. ಸುಸ್ತಾದ ಅವ್ವನನ್ನು ಶಿಕಾಗೋದಲ್ಲಿ ಮತ್ತೆ ಸಾಲಲ್ಲಿ ನಿಲ್ಲಿಸಬೇಕಾಗಲಿಲ್ಲ. ಹುಬ್ಬಳ್ಳಿಯಿಂದ ಬಂದು ಇಳಿದ ಹಾಗೆ ನೇರವಾಗಿ ಲಗೇಜ್ ಬೆಲ್ಟ್ ಹತ್ತಿರ ಹೋದೆವು. ಲಗೇಜ್ ಚೀಟಿಯಲ್ಲಿ ಶಿಕಾಗೋ ಅಂತ ಇಲ್ಲ, ಓ ಆರ್ ಡಿ ಅಂತ ಇರುತ್ತದೆ. ಯಾಕೆ ಅಂತ ತಮ್ಮ ಹೇಳಿದ. ಆ ಜಾಗದ ಹಳೆಯ ಹೆಸರು ಆರ್ಚರ್ಡ್ ಫೀಲ್ಡ್, ಅಂದರೆ ತೋಟದ ಬಯಲು. ವಿಮಾನ ಇಳಿಯುವ ಜಾಗ ಒಂದು ಕಾಲಕ್ಕೆ ತೋಟ ಆಗಿತ್ತು ಅಂತ ಕೇಳಿ ಅವ್ವ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತಳು.

ಇನ್ನು ವಾಪಸ್ ಬಂದಿದ್ದು. ಇದನ್ನು ಬರೆಯಲಿಕ್ಕೇ ನಾನು ಕೂತಿದ್ದು.

ವೀಲ್‌ಚೇರ್ ಅಂದರೆ ಒಂದೇ ಅಂತ ನಾವು ತಿಳಿದಿದ್ದೆವು. ಅದರಲ್ಲಿ ಮೂರು ಬಗೆ ಇದೆ, ಟಿಕೆಟ್‌ನಲ್ಲಿ ಮೂರು ಬೇರೆ ಬೇರೆ ಗುರುತು. ಡಬ್ಲ್ಯು ಸಿ ಎಚ್ ಆರ್ ಅಂದರೆ ದೂರ ನಡೆಯಲಾಗದು, ಆದರೆ ಮೆಟ್ಟಿಲು ಹತ್ತಿ ಇಳಿಯಬಲ್ಲರು ಅಂತ. ಡಬ್ಲ್ಯು ಸಿ ಎಚ್ ಎಸ್ ಅಂದರೆ ಮೆಟ್ಟಿಲು ಆಗದು. ಡಬ್ಲ್ಯು ಸಿ ಎಚ್ ಸಿ ಅಂದರೆ ಸೀಟಿನ ತನಕವೂ ಕುರ್ಚಿಯೇ ಬೇಕು. ನಾವು ಫೋನಿನಲ್ಲಿ ಸುಮ್ನೆ ವೀಲ್‌ಚೇರ್ ಬೇಕು ಅಂದಿದ್ದಕ್ಕೆ ಬಿದ್ದಿದ್ದು ಮೊದಲನೆಯದು.

ಯುರೋಪಿನ ಆ ನಿಲ್ದಾಣದಲ್ಲಿ ವಿಮಾನ ಟರ್ಮಿನಲ್ ಒಳಗೆ ನೇರವಾಗಿ ನಡೆದು ಹೋಗುವ ಸೇತುವೆಗೆ ತಾಗಲಿಲ್ಲ, ದೂರದ ಬಯಲಿನಲ್ಲಿ ನಿಂತಿತು. ಇಳಿಯಲು ಮೆಟ್ಟಿಲು. ಬೆಳಗಿನ ಹೊತ್ತು, ಸಣ್ಣ ಮಳೆ. ಪಟ್ಟಿಯಲ್ಲಿ ಅವ್ವ ಮೆಟ್ಟಿಲು ಇಳಿಯಬಲ್ಲವಳು. ಲಿಫ್ಟ್ ಇರುವ ಲಾರಿ ಬೇಕಾದರೆ ಕಾಯಿರಿ ಅಂದರು. 40 ನಿಮಿಷ ಕಾದೆವು. ಲಾರಿ ಬಂತು. ಅದರಲ್ಲಿ ವೀಲ್‌ಚೇರಿನವರು ಮಾತ್ರ, ನೀವು ಬಸ್ಸಿನಲ್ಲಿ ಬನ್ನಿ, ಒಳಗೆ ಸಿಗುತ್ತಾರೆ ಅಂದರು. ಅವ್ವನಿಗೆ ಇಂಗ್ಲಿಷ್ ಬರದು, ಜೊತೆಗೆ ಬಿಡಿ ಅಂತ ಎರಡು ಸಲ ಕೇಳಿದೆ. ಬಿಡಲಿಲ್ಲ.

ಒಳಗೆ ಅವ್ವ ಸಿಗಲಿಲ್ಲ.

ನನ್ನನ್ನು ಒಂದು ಕೌಂಟರ್‌ನಿಂದ ಇನ್ನೊಂದಕ್ಕೆ ಕಳಿಸಿದರು. ಅವ್ವನ ಫೋನಿನಲ್ಲಿ ಅಲ್ಲಿನ ನೆಟ್‌ವರ್ಕ್ ಇಲ್ಲ. ಮುಂದಿನ ವಿಮಾನಕ್ಕೆ ಎರಡು ಗಂಟೆ ಇತ್ತು, ಅದು ಒಂದೂಕಾಲಾಯಿತು, ಒಂದಾಯಿತು. ಕೊನೆಗೆ ಸಿಕ್ಕಿದ್ದು ಒಂದು ಕೋಣೆಯಲ್ಲಿ. ಏಳೆಂಟು ವೀಲ್‌ಚೇರ್ ಸಾಲಾಗಿ ನಿಲ್ಲಿಸಿದ್ದರು. ಅವು ಕೂತವರು ತಾವೇ ತಳ್ಳಿಕೊಳ್ಳುವ ದೊಡ್ಡ ಚಕ್ರದವಲ್ಲ, ಬೇರೆಯವರೇ ತಳ್ಳಬೇಕು. ಅವ್ವನದು ಗೋಡೆಗೆ ಮುಖ ಮಾಡಿ ನಿಂತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ವಿಮಾನ ಇಳಿದಾಗಿನಿಂದ ಅವಳಿಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಹೋಗಿ ಬರುವವರಿಗೆಲ್ಲ ಕಿರುಬೆರಳು ತೋರಿಸಿದ್ದಾಳೆ. ಯಾರಿಗೂ ಅರ್ಥ ಆಗಿಲ್ಲ.

ಅರ್ಥ ಆಗಿದ್ದು ನೆಲ ಒರೆಸುತ್ತಿದ್ದ ಒಬ್ಬ ಹೆಂಗಸಿಗೆ. ನಾನು ಒಳಗೆ ಹೋಗುವ ಹೊತ್ತಿಗೆ ಅವರು ಮಾಪ್ ಗೋಡೆಗೆ ಒರಗಿಸಿ, ಅವ್ವನ ಕುರ್ಚಿ ತಿರುಗಿಸುತ್ತಿದ್ದರು. ಅದು ಅವರ ಕೆಲಸ ಅಲ್ಲ. ಇಬ್ಬರೂ ಸೇರಿ ಕರೆದುಕೊಂಡು ಹೋದೆವು. ಅಲ್ಲಿ ಕಾಗದ ಮಾತ್ರ. ಅಬುಧಾಬಿಯಲ್ಲಿ ಕೈಗೆ ಪೈಪ್ ಇತ್ತು, ಅವ್ವನಿಗೆ ಒಂದು ಕಷ್ಟವೂ ಆಗಿರಲಿಲ್ಲ. ಇಲ್ಲಿ ನಾನು ಖಾಲಿ ಬಾಟಲಿಗೆ ಸಿಂಕಿನಿಂದ ನೀರು ಹಿಡಿದು ಕೊಟ್ಟೆ. ಸೆಕ್ಯೂರಿಟಿ ಚೆಕ್‌ನಲ್ಲಿ ಖಾಲಿ ಬಾಟಲಿಗೆ ತಡೆ ಇಲ್ಲ, ಒಂದು ಇಟ್ಟುಕೊಂಡಿರಿ. ಹೊರಗೆ ಬಂದ ಮೇಲೆ ಅವ್ವ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

ವಿಮಾನ ಸಿಕ್ಕಿತು. ಒಂದು ಸೂಟ್‌ಕೇಸ್ ಮೂರು ದಿನ ತಡವಾಗಿ ಮನೆಗೆ ಬಂತು, ಅದು ದೊಡ್ಡ ವಿಷಯವಲ್ಲ.

ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಭಾರತದಲ್ಲಿ ವೀಲ್‌ಚೇರ್ ಕೊಡುವ ಹೊಣೆ ವಿಮಾನ ಕಂಪನಿಯದು. ಅಮೆರಿಕದಲ್ಲೂ ಹಾಗೇ, 1986ರ ಕಾನೂನು. ಯುರೋಪಿನ ಒಕ್ಕೂಟದಲ್ಲಿ 2006ರ ಕಾನೂನಿನಂತೆ ಆ ಹೊಣೆ ನಿಲ್ದಾಣದ್ದು. 48 ಗಂಟೆ ಮುಂಚೆ ತಿಳಿಸಿರಬೇಕು. ಅದಕ್ಕೇ ಅಲ್ಲಿ ವಿಮಾನ ಕಂಪನಿಯ ಕೌಂಟರ್‌ನಲ್ಲಿ ಎಷ್ಟು ಕೇಳಿದರೂ ಉತ್ತರ ಸಿಗಲಿಲ್ಲ. ನಾನು ಕೇಳಬೇಕಿದ್ದದ್ದು ನಿಲ್ದಾಣದವರನ್ನು. ಇದು ಮೊದಲೇ ಗೊತ್ತಿದ್ದರೆ ಅವ್ವ ಅಷ್ಟು ಹೊತ್ತು ಗೋಡೆ ನೋಡಿಕೊಂಡು ಕೂರುತ್ತಿರಲಿಲ್ಲ, ಅಲ್ವಾ? ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ನಡುರಾತ್ರಿ ದಾಟಿತ್ತು. ವೀಲ್‌ಚೇರ್ ಹಿಡಿದ ಹುಡುಗ "ಯಾವೂರವ್ವಾ?" ಅಂತ ಕೇಳಿದ. ಮಂಡ್ಯ ಅಂದಳು. "ನಮ್ದು ಪಾಂಡವಪುರ" ಅಂದ. ಅವ್ವ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ತಮ್ಮ ಮುಂದಿನ ವರ್ಷ ಮತ್ತೆ ಬಾ ಅಂತ ಕರೆಯುತ್ತಿದ್ದಾನೆ. ಅಬುಧಾಬಿ ಮೇಲಾದರೆ ಬರ್ತೀನಿ ಅಂದಿದ್ದಾಳೆ. ನಾನು ಈ ಸಲ ಒಂದು ಗಟ್ಟಿ ಕಾರ್ಡು ಮಾಡಿಸಿ, ಲ್ಯಾಮಿನೇಟ್ ಮಾಡಿಸಿದ್ದೇನೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಅವಳ ಕೊರಳಿಗೆ ಹಾಕಲು ದಾರವೂ ಇದೆ. ನನಗೆ ಬಾತ್‌ರೂಮಿಗೆ ಹೋಗಬೇಕು. ನನಗೆ ನೀರು ಬೇಕು. ಮೆಟ್ಟಿಲು ಇಳಿಯಲು ಆಗುವುದಿಲ್ಲ. ಈ ಮೂರು ನಾನು ಬರೆದಿದ್ದು. ನಾಲ್ಕನೆಯದನ್ನು ಅವ್ವ ಹೇಳಿ ಬರೆಸಿದಳು: ನನ್ನ ಮಗಳನ್ನು ನನ್ನ ಜೊತೆಗೇ ಬಿಡಿ.